ಬೀಸುವವರಿಗೆ ಅಡ್ಡಹೆಸರು ಏಕಿಲ್ಲ?

ನಮ್ಮ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರೂ ಅವರ ಪಾಲಕರೂ ಓದತಕ್ಕ ಈ ಸಂಚಿಕೆಯಲ್ಲಿ ಒಂದು ಪಾಠಕ್ಕೆ ಎಡೆ ದೊರೆತಿರುವದರಿಂದ, ಎಲ್ಲರ ಬಳಿಯಲ್ಲಿಯೂ ಇರುವ ಒಂದು ವಸ್ತುವನ್ನೇ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದು ನಮ್ಮ ನಮ್ಮ ಅಡ್ಡಹೆಸರು. ದಿನಾಲು ಬರೆಯುವೆವು, ದಿನಾಲು ಕರೆಸಿಕೊಳ್ಳುವೆವು. ಆದರೆ ಅದು ಎಲ್ಲಿಂದ ಬಂದಿತೆಂದು ವಿಚಾರಿಸುವವರು ಕಡಿಮೆ.

ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಈ ಭಾಗದ ಯಾವ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಒಂದು ಸಂತೆಯನ್ನೇ ಹೊಕ್ಕಂತಾಗುವದು. ಕಮ್ಮಾರ, ಬಡಿಗೇರ, ಕುಂಬಾರ, ಹೂಗಾರ, ಗಾಣಿಗೇರ, ತಳವಾರ ಎಂದು ಒಬ್ಬರ ಹಿಂದೊಬ್ಬರು ಬರುವರು. ಅಕ್ಕಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದು ಸರಕಿನ ಹೆಸರನ್ನೇ ಹೊತ್ತವರೂ ಉಂಟು. ಹಾವೇರಿ, ಬ್ಯಾಡಗಿ ಎಂದು ಊರನ್ನೇ ಬೆನ್ನಿಗೆ ಕಟ್ಟಿಕೊಂಡವರೂ ಉಂಟು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದಿಟ್ಟು ಬರೆಯುವ ರೂಢಿ. ನಮ್ಮ ಭಾಗವು 1956ರ ವರೆಗೆ ಮುಂಬಯಿಗೆ ಸೇರಿದ್ದುದರಿಂದ, ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರನ್ನೂ ಬರೆಯುವ ಪದ್ಧತಿಯು ಇಲ್ಲಿ ನೆಲೆಗೊಂಡಿತು. ಊರವರ ಬಾಯಲ್ಲಿ ಕೇವಲ ಗುರುತಾಗಿದ್ದುದು ಶಾಲೆ ಕಚೇರಿಗಳ ಕಾಗದದ ಮೇಲೆ ಬಿದ್ದು ಗಟ್ಟಿಯಾಯಿತು. ಅಜ್ಜನು ಕುಲುಮೆ ಊದಿದನು, ಮಗನು ಮಾಸ್ತರನಾದನು, ಮೊಮ್ಮಗಳು ವೈದ್ಯಳಾದಳು; ಅಡ್ಡಹೆಸರು ಮಾತ್ರ ಕಮ್ಮಾರ ಎಂದೇ ಉಳಿಯಿತು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಚಂದ್ರಶೇಖರ ಕಂಬಾರರ ಹೆಸರಿನಲ್ಲಿಯೂ ಆ ಕುಲುಮೆಯ ಸಪ್ಪಳವೇ ಇರುವದು.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗೆ ಇರುವ ಅಡ್ಡಹೆಸರು ಮುಲ್ಲರ್. ಸ್ವಿಟ್ಜರ್ಲೆಂಡಿನಲ್ಲಿಯೂ ಅದೇ. ಮುಲ್ಲರ್ ಎಂದರೆ ಧಾನ್ಯ ಬೀಸಿಕೊಡುವ ಗಿರಣಿಯವನು. 1849ರಿಂದ 1874ರ ವರೆಗೆ ಋಗ್ವೇದವನ್ನು ಸಾಯಣಭಾಷ್ಯದೊಡನೆ ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ ಪಂಡಿತರ ಹೆಸರಿನಲ್ಲಿ ಇರುವದು ಹಿಟ್ಟಿನ ವಾಸನೆಯೇ. ಇಂಗ್ಲಿಷರಲ್ಲಿ ಅವನು ಮಿಲ್ಲರ್, ಹಂಗೇರಿಯವರಲ್ಲಿ ಮೊಲ್ನಾರ್, ಇಟಲಿಯವರಲ್ಲಿ ಮೊಲಿನಾರಿ, ರಷ್ಯದವರಲ್ಲಿ ಮೆಲ್ನಿಕೋವ್, ಅರಬರಲ್ಲಿ ತಹ್ಹಾನ್. ಹಿಂದುಳಿದ ವರ್ಗದವರಿಗೆ ಸರಕಾರಿ ನೌಕರಿಯಲ್ಲಿ ಪಾಲು ದೊರೆಯಬೇಕೆಂದು ವಿಚಾರ ಮಾಡಲು ಮೈಸೂರು ಸರಕಾರವು 1918ರಲ್ಲಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರು ಸರ್ ಲೆಸ್ಲಿ ಮಿಲ್ಲರ್. ಮಿಲ್ಲರ್ ಸಮಿತಿಯೆಂದೇ ಅದು ಚರಿತ್ರೆಯಲ್ಲಿ ಪ್ರಸಿದ್ಧ. (ನಡುವೆ ಒಂದು ಮಾತು: ನಮ್ಮ ನಿಘಂಟಿನ ಕಿಟ್ಟೆಲ್ ಸಾಹೇಬರ ಹೆಸರು ಜರ್ಮನ್ ಭಾಷೆಯಲ್ಲಿ ಕೆಲಸಗಾರರು ತೊಡುವ ಒಂದು ಬಗೆಯ ನಿಲುವಂಗಿಯ ಹೆಸರು. ಹುಬ್ಬಳ್ಳಿಯ ಸರ್ ಸಿದ್ಧಪ್ಪ ಕಂಬಳಿಯವರ ಪಕ್ಕದಲ್ಲಿ ಅವರನ್ನು ಕೂಡ್ರಿಸಿದರೆ ಒಳ್ಳೆಯ ಜೋಡಿಯಾಗುತ್ತಿತ್ತು.)

ಮನೆತನಕ್ಕೆ ಹೆಸರಾದುದು ಊರಿಗೂ ಹೆಸರಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣಕ್ಕೆ ಸಮೀಪದಲ್ಲಿ, ಫ್ರಾನ್ಸಿನ ಗಡಿಯೊಳಗೆ ಮುಲೂಜ್ ಎಂಬ ನಗರವಿರುವದು. ಗಿರಣಿಮನೆ ಎಂಬದೇ ಆ ಹೆಸರಿನ ಅರ್ಥ. ನಗರದ ಲಾಂಛನದಲ್ಲಿ ಇಂದಿಗೂ ಗಿರಣಿಯ ಚಕ್ರವುಂಟು. ಬೆಂಗಳೂರಿನಲ್ಲಿ ಮಿಲ್ಲರ್ಸ್ ರಸ್ತೆಯಲ್ಲಿ ಓಡಾಡುವವರು, ಎಲ್ಲಿಯದೋ ಒಂದು ಹಳ್ಳದ ದಂಡೆಯ ಹಿಟ್ಟಿನ ಗಿರಣಿಯ ಹೆಸರು ಸಮುದ್ರ ದಾಟಿ ಇಲ್ಲಿಯ ಹಲಗೆಯ ಮೇಲೆ ಕುಳಿತಿರುವದನ್ನು ನೆನೆಯಲಾರರು.

ಅಲ್ಲಿ ಬೀಸುವವನಿಗೆ ಇಷ್ಟು ಹೆಸರು ಬಂದುದಕ್ಕೆ ಕಾರಣವೇನು? ಯುರೋಪಿನಲ್ಲಿ ಧಾನ್ಯವನ್ನು ಬೀಸುತ್ತಿದ್ದುದು ಹರಿಯುವ ನೀರಿನಿಂದ ತಿರುಗುವ ದೊಡ್ಡ ಗಿರಣಿ. 1086ರಲ್ಲಿ ಇಂಗ್ಲೆಂಡಿನ ಅರಸನು ಬರೆಯಿಸಿದ ಭೂಮಾಪನ ಗ್ರಂಥದಲ್ಲಿ ಸುಮಾರು 6,000 ಗಿರಣಿಗಳು ದಾಖಲಾಗಿರುವವು. ಗಿರಣಿಯ ಒಡೆಯನು ಜಮೀನುದಾರ. ಅನೇಕ ಕಡೆಗಳಲ್ಲಿ ಪ್ರಜೆಗಳು ಅವನ ಗಿರಣಿಯಲ್ಲಿಯೇ ಬೀಸಿಸಬೇಕು, ಹಿಟ್ಟಿನಲ್ಲಿ ಇಂತಿಷ್ಟು ಪಾಲನ್ನು ಅಲ್ಲಿಯೇ ಅಳೆದು ಕೊಡಬೇಕು. ಮನೆಯಲ್ಲಿ ಬೀಸುಕಲ್ಲು ಇಡುವದು ಅಪರಾಧವಾಗುತ್ತಿತ್ತು. ಸೇಂಟ್ ಆಲ್ಬನ್ಸ್ ಎಂಬ ಊರಿನ ಕಥೆಯನ್ನು ನಾನು ವರ್ಗದಲ್ಲಿ ಹೇಳಿದಾಗಲೆಲ್ಲ ಹುಡುಗಿಯರು ಕಣ್ಣರಳಿಸಿ ಕೇಳುವರು. 1330ರ ಸುಮಾರಿಗೆ ಅಲ್ಲಿಯ ಕ್ರೈಸ್ತ ಮಠಾಧಿಪತಿಯು ಊರವರ ಮನೆಗಳ ಬೀಸುಕಲ್ಲುಗಳನ್ನು ಕಸಿದು ತರಿಸಿ ಮಠದ ನೆಲಕ್ಕೆ ಹಾಸಿಸಿದನು. ತಮ್ಮ ಮನೆಯ ಕಲ್ಲನ್ನು ಪರರು ಮೆಟ್ಟಿ ನಡೆಯುವದನ್ನು ಆ ಜನರು ಐವತ್ತು ವರ್ಷ ಸಹಿಸಿಕೊಂಡರು. 1381ರಲ್ಲಿ ರೈತರು ದಂಗೆಯೆದ್ದಾಗ ಒಳನುಗ್ಗಿ, ನೆಲವನ್ನು ಕಿತ್ತು, ಕಲ್ಲನ್ನು ಒಡೆದು, ಒಂದೊಂದು ಚೂರನ್ನು ಪ್ರಸಾದದಂತೆ ಹಂಚಿಕೊಂಡು ಮನೆಗೆ ಒಯ್ದರು. ಅಡ್ಡಹೆಸರುಗಳು ಗಟ್ಟಿಯಾಗುತ್ತಿದ್ದ ಕಾಲವೂ ಹೆಚ್ಚು ಕಡಿಮೆ ಇದೇ. ಊರಿಗೊಂದು ಗಿರಣಿ, ಗಿರಣಿಗೊಬ್ಬ ಗಂಡಸು, ಅವನ ಕೈಯಲ್ಲಿ ಅಳತೆಯ ಪಾತ್ರೆ. ಹೆಸರು ಬಾರದೆ ಹೋದೀತೇ?

ಈಗ ನಮ್ಮ ಹಾಜರಿ ಪುಸ್ತಕಕ್ಕೆ ಹಿಂದಿರುಗೋಣ. ಬೀಸುವವರು ಎಂಬ ಅಡ್ಡಹೆಸರಿನ ಮನೆತನವನ್ನು ಯಾರಾದರೂ ಬಲ್ಲಿರಾ? ಇಷ್ಟು ವರ್ಷ ಹಾಜರಿ ಕೂಗಿದ ನಾನು ಒಮ್ಮೆಯೂ ಆ ಹೆಸರನ್ನು ಕೂಗಲಿಲ್ಲ. ಕಬ್ಬಿಣ ಬಡಿದವನಿಗೆ, ಮಣ್ಣು ತುಳಿದವನಿಗೆ, ಹೂವು ಕಟ್ಟಿದವನಿಗೆ ಹೆಸರುಂಟು. ರೊಟ್ಟಿಯನ್ನು ತಿಂದೇ ಬದುಕುವ ಈ ನಾಡಿನಲ್ಲಿ ಹಿಟ್ಟು ಮಾಡಿದವರ ಹೆಸರು ಇಲ್ಲ.

ನಮ್ಮವರು ಬೀಸಲಿಲ್ಲವೆಂದೇ? ಇಲ್ಲಿ ಬೀಸದ ಮನೆಯೇ ಇರಲಿಲ್ಲ. ಜೋಳದ ಹಿಟ್ಟನ್ನು ಬಹಳ ದಿನ ಇಟ್ಟರೆ ಕಮಟಾಗುವದು. ಜಿಗುಟು ಹೋಗಿ ರೊಟ್ಟಿ ಬಡಿಯುವಾಗ ಬಿರಿಯುವದು. ಆದಕಾರಣ ಒಮ್ಮೆಗೇ ತಿಂಗಳ ಹಿಟ್ಟನ್ನು ಮಾಡಿಡುವಂತಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಎರಡು ದುಂಡು ಕಲ್ಲುಗಳ ಮುಂದೆ ಕಾಲು ನೀಡಿ ಕುಳಿತು, ಎಡಗೈಯಿಂದ ಮೇಲಿನ ಕಲ್ಲಿನ ಬಾಯಿಗೆ ಹಿಡಿಜೋಳ ಸುರಿಯುತ್ತ, ಬಲಗೈಯಿಂದ ಗೂಟ ಹಿಡಿದು ತಿರುಗಿಸಬೇಕು. ದೊಡ್ಡ ಕಲ್ಲಾದರೆ ಅತ್ತೆ ಸೊಸೆ ಎದುರುಬದುರು ಕುಳಿತು ಒಂದೇ ಗೂಟಕ್ಕೆ ಇಬ್ಬರೂ ಕೈಹಾಕುವರು. ಕಲ್ಲು ನುಣುಪಾದರೆ ಹಿಟ್ಟು ತರಿಯಾಗುವದು. ಆಗ ಕಲ್ಲಿನವರನ್ನು ಕರೆಯಿಸಿ ಉಳಿಯಿಂದ ಕುಕ್ಕಿಸಬೇಕು. ಕುಕ್ಕಿದವನಿಗೆ ಕೂಲಿ ಉಂಟು. ಬೀಸಿದವಳಿಗೆ ಇಲ್ಲ. ಸುವಾರ್ತೆಯಲ್ಲಿ ಒಂದೇ ಬೀಸುಕಲ್ಲಿನ ಬಳಿ ಕುಳಿತ ಇಬ್ಬರು ಹೆಂಗಸರ ಪ್ರಸ್ತಾಪ ಬರುವದು. ಅಲ್ಲಿಯೂ ಅವರ ಹೆಸರನ್ನು ಹೇಳಿಲ್ಲ.

ಈ ಮಾತನ್ನು ಗಾಣದೊಡನೆ ಹೋಲಿಸಿದರೆ ವಿಷಯವು ಸ್ಪಷ್ಟವಾಗುವದು. ಗಾಣವೂ ಒಂದು ಬೀಸುವ ಯಂತ್ರವೇ. ಎಳ್ಳು, ಕುಸುಬೆ, ಅಗಸಿಗಳನ್ನು ಹಾಕಿ, ಎತ್ತು ಕಟ್ಟಿ ಸುತ್ತಿಸಿ ಎಣ್ಣೆ ತೆಗೆಯುವರು. ಅದನ್ನು ಪ್ರತಿಯೊಂದು ಮನೆಯಲ್ಲಿ ಇಡಲಾಗದು. ಎತ್ತು ಬೇಕು, ಜಾಗ ಬೇಕು, ಕಸುಬು ತಿಳಿದವನು ಬೇಕು. ಊರೆಲ್ಲ ಅವನ ಬಾಗಿಲಿಗೆ ಹೋಗಬೇಕು. ಅಲ್ಲಿ ಕೊಡುವದು ತೆಗೆದುಕೊಳ್ಳುವದು ಉಂಟಾಯಿತು; ಅಳತೆ ಹುಟ್ಟಿತು. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಗುಡಿಯ ನಂದಾದೀಪಕ್ಕಾಗಿ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಬರೆದಿರುವದನ್ನು ಕಾಣುವೆವು. ಎಣ್ಣೆಯ ಕಸುಬಿನವರನ್ನು ಅಲ್ಲಿ ತೆಲ್ಲಿಗರೆಂದು ಕರೆದಿದೆ. ತೆಲ್ಲಿಗ ಐವತ್ತೊಕ್ಕಲು ಎಂಬ ಅವರ ಸಂಘವು ದಾನಗಳನ್ನು ಕೊಟ್ಟು ಕಲ್ಲಿನ ಮೇಲೆ ಹೆಸರು ಬರೆಯಿಸಿತು. ಕೂಲಿ ಬಂದಲ್ಲಿ ತೆರಿಗೆ ಬಂದಿತು. ತೆರಿಗೆ ಬಂದಲ್ಲಿ ಬರಹ ಬಂದಿತು. ಬರಹದಲ್ಲಿ ಹೆಸರು ಉಳಿಯಿತು. ಗಾಣಿಗೇರ ಎಂಬ ಅಡ್ಡಹೆಸರೂ, ಬೆಂಗಳೂರಿನ ಹಳೆಯ ಪೇಟೆಯೊಳಗಿನ ಗಾಣಿಗರಪೇಟೆಯೂ ಆ ಬರಹದ ಮಕ್ಕಳು. ಅದೇ ಬೆಂಗಳೂರಿನಲ್ಲಿ ಅಕ್ಕಿ ಮಾರಿದವರಿಗೆ ಅಕ್ಕಿಪೇಟೆ, ಮಡಕೆ ಮಾಡಿದವರಿಗೆ ಕುಂಬಾರಪೇಟೆ ಉಂಟು. ಅಕ್ಕಿಯನ್ನು ಕುಟ್ಟಿದವರಿಗೆ ಪೇಟೆಯಿಲ್ಲ.

ಕಸುಬಿನ ಹೆಸರು ಊರಿಗೆ ಅಂಟುವದನ್ನು ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲೆ, ಮುಕ್ತೇಶ್ವರ ದೇವಾಲಯವಿರುವ ಚೌಡಯ್ಯದಾನಪುರವು ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನನ್ನು ನೆನೆಯುವ ಊರು. ಹೊಳೆಯಲ್ಲಿ ದೋಣಿ ನಡೆಸಿದವನ ಹೆಸರು ಹೊಳೆಯ ದಂಡೆಯಲ್ಲಿಯೇ ನಿಂತಿತು. ಇನ್ನು ಮೋಟೆಬೆನ್ನೂರಿನವರು ಹೆಮ್ಮೆಪಡತಕ್ಕ ಹೆಸರೊಂದುಂಟು. 1911ರಲ್ಲಿ ಇಲ್ಲಿ ಹುಟ್ಟಿ, 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದು, 1943ನೆಯ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರು. ಮೈಲಾರ ಎಂಬದು ದೇವರ ಹೆಸರು, ಹೂವಿನಹಡಗಲಿ ತಾಲೂಕಿನ ಊರಿನ ಹೆಸರು. ಅದು ಮನುಷ್ಯನ ಹೆಸರಾಗಿ, ಈಗ ಹಾವೇರಿಯ ರೈಲು ನಿಲ್ದಾಣದ ಹೆಸರಾಗಿ ಪುನಃ ನೆಲಕ್ಕೆ ಇಳಿದಿದೆ. ಅವರ ಪತ್ನಿ ಸಿದ್ದಮ್ಮನವರೂ ದೇಶಕ್ಕಾಗಿ ಸೆರೆಮನೆ ಕಂಡವರೆಂಬದನ್ನು ರೈಲಿಗೆ ಕಾಯುವಾಗ ನೆನೆದುಕೊಳ್ಳಬಹುದು.

ಹಾಗಾದರೆ ಕನ್ನಡದಲ್ಲಿ ಧಾನ್ಯದ ಕೆಲಸದಿಂದ ಹೆಸರು ಪಡೆದ ಹೆಂಗಸು ಒಬ್ಬಳೂ ಇಲ್ಲವೇ? ಇರುವಳು. ಅಂಬಿಗರ ಚೌಡಯ್ಯನ ಕಾಲದವಳೇ ಆದ ಕೊಟ್ಟಣದ ಸೋಮವ್ವ. ಕೊಟ್ಟಣ ಎಂದರೆ ಭತ್ತ ಕುಟ್ಟಿ ಅಕ್ಕಿ ಮಾಡುವ ಕೆಲಸ. ಆಕೆಯ ವಚನಗಳಲ್ಲಿ ನಮಗೆ ದೊರೆತಿರುವದು ಒಂದೇ ಒಂದು. ಆದರೂ ಎಂಟುನೂರು ವರ್ಷಗಳ ಮೇಲೆ ಒನಕೆಯ ಸಪ್ಪಳವು ಆ ಹೆಸರಿನಲ್ಲಿ ಕೇಳುವದು. ನೂಲು ತೆಗೆದ ಕದಿರ ರೆಮ್ಮವ್ವೆ, ಚೆಲ್ಲಿದ ಅಕ್ಕಿಯನ್ನು ಆಯ್ದ ಆಯ್ದಕ್ಕಿ ಲಕ್ಕಮ್ಮ ಇವರೂ ಆಕೆಯ ಸಂಗಡಿಗರು. ಮನೆಯೊಳಗೆ ಸೊಸೆಯ ಪಾಲಿನ ಕೆಲಸವೆಂದು ಮಾಡಿದ್ದರೆ ಸೋಮವ್ವನಿಗೆ ಈ ಹೆಸರು ಬರುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಕುಟ್ಟುವದನ್ನು ಆಕೆ ಕಾಯಕವೆಂದು ಮಾಡಿದಳು, ಆ ಕಾಲದ ಶರಣರು ಅದನ್ನು ಕಾಯಕವೆಂದು ಒಪ್ಪಿದರು. ಆದಕಾರಣ ಅಂಬಿಗನಿಗೆ, ಮಡಿವಾಳನಿಗೆ ಸಂದ ಗೌರವವು ಆಕೆಗೂ ಸಂದಿತು. ಆದರೆ ಗಾಣಿಗೇರ ಎಂಬಂತೆ ಅದು ಮನೆತನದ ಹೆಸರಾಗಿ ಹಬ್ಬಲಿಲ್ಲ. ಅಡ್ಡಹೆಸರು ತಂದೆಯಿಂದ ಮಗನಿಗೆ ಇಳಿಯುವದು. ಮಗಳಿಗೆ ಅದು ಮದುವೆಯ ವರೆಗಿನ ಸಾಲ. ನಮ್ಮ ಹಳೆಯ ವಿದ್ಯಾರ್ಥಿನಿಯರ ಪತ್ರಗಳು ಬಂದಾಗ ಯಾರದೆಂದು ಗುರುತಿಸಲು ನಾನು ಅಕ್ಷರವನ್ನು ನೋಡುವೆನೇ ಹೊರತು ಸಹಿಯನ್ನಲ್ಲ. ಬಡಿಗೇರ ಎಂದು ಕಲಿತವಳು ಈಗ ಪಾಟೀಲಳಾಗಿರುವಳು, ಪಾಟೀಲಳೆಂದು ಕಲಿತವಳು ಹೂಗಾರಳಾಗಿರುವಳು.

ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಯ ಎಂಜಿನ್ನಿನಿಂದಲೂ ಬಳಿಕ ವಿದ್ಯುತ್ತಿನಿಂದಲೂ ನಡೆಯುವ ಹಿಟ್ಟಿನ ಗಿರಣಿಗಳು ಹಳ್ಳಿಹಳ್ಳಿಗೆ ಬಂದವು. ಕೆಲಸವು ಮನೆಯಿಂದ ಬೀದಿಗೆ ಬಂದಿತು, ಸೇರಿಗಿಷ್ಟು ಎಂದು ದರವಾಯಿತು, ನಡೆಸುವವನು ಗಂಡಸಾದನು. ಕೂಡಲೇ ಜನರ ಬಾಯಲ್ಲಿ ಗಿರಣಿಯವರ ಮನೆ ಎಂಬ ಗುರುತು ಹುಟ್ಟಿತು. ಸಾವಿರಾರು ವರ್ಷ ಬೀಸಿದವರಿಗೆ ಬಾರದ ಹೆಸರು ಹೀಗೆ ಯಂತ್ರದ ಒಡೆಯನಿಗೆ ಸುಲಭವಾಗಿ ಬಂದಿತು. ಇದಕ್ಕಾಗಿ ನಾನು ಗಿರಣಿಯ ಮೇಲೆ ಸಿಟ್ಟಾಗಲಾರೆ. ಬೆಳಗಿನ ಜಾವದಲ್ಲಿ ಕಲ್ಲಿನ ಮುಂದೆ ಕುಳಿತಿರಬೇಕಾದ ಹುಡುಗಿಯನ್ನು ಪುಸ್ತಕದ ಮುಂದೆ ಕುಳ್ಳಿರಿಸಲು ಆ ಗಿರಣಿಯು ಮಾಡಿದಷ್ಟು ಸಹಾಯವನ್ನು ನಮ್ಮಂಥ ಶಿಕ್ಷಕಿಯರ ಉಪದೇಶಗಳು ಮಾಡಿರಲಾರವು.

ಕಲ್ಲು ನಿಂತಾಗ ಹಾಡೂ ನಿಲ್ಲುವದೆಂಬ ಚಿಂತೆ ಕೆಲವರಿಗೆ ಮೊದಲೇ ಹೊಳೆದಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವಾಗ ಕುಟ್ಟುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ಹೊರಡಿಸಿದರು. ತವರು, ಅಣ್ಣತಮ್ಮಂದಿರು, ತೊಟ್ಟಿಲ ಕೂಸು ಎಲ್ಲವೂ ಅಲ್ಲಿ ಬರುವವು. ಕೂಡಿಸಿದವರಲ್ಲೊಬ್ಬರು ಸಿಂಪಿ ಲಿಂಗಣ್ಣನವರು. ಸಿಂಪಿ ಎಂದರೆ ಬಟ್ಟೆ ಹೊಲಿಯುವವರು, ಅದೂ ಕಸುಬಿನ ಹೆಸರೇ. ಕೂಡಿಸಿದವರ ಹೆಸರು ನಮಗೆ ತಿಳಿದಿದೆ. ಹಾಡು ಕಟ್ಟಿದವಳನ್ನು ಗರತಿ ಎಂದಷ್ಟೇ ಬಲ್ಲೆವು.

ಈಗ ಕಾಲವು ಸ್ವಲ್ಪ ತಿರುಗಿದೆ. ನಮ್ಮ ಶಾಲೆಗಳ ದಾಖಲೆಯಲ್ಲಿ ತಾಯಿಯ ಹೆಸರಿಗೂ ಸ್ಥಳವುಂಟು. ನೆರೆಯ ಮಹಾರಾಷ್ಟ್ರ ಸರಕಾರವು 2024ರಲ್ಲಿ, ಸರಕಾರಿ ಕಾಗದಗಳಲ್ಲಿ ಮಗುವಿನ ಹೆಸರಿನ ಮುಂದೆ ಮೊದಲು ತಾಯಿಯ ಹೆಸರು, ಬಳಿಕ ತಂದೆಯ ಹೆಸರು, ಅಡ್ಡಹೆಸರು ಎಂದು ಬರೆಯಬೇಕೆಂದು ನಿರ್ಣಯಿಸಿತು.

ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಕೇಳಿಕೆಯಿದೆ. ನಿಮ್ಮ ಹಿತ್ತಲಲ್ಲಿಯೋ ದನದ ಕೊಟ್ಟಿಗೆಯಲ್ಲಿಯೋ ಹಳೆಯ ಬೀಸುಕಲ್ಲು ಬಿದ್ದಿದ್ದರೆ, ಅದನ್ನು ತಿರುಗಿಸಿದವರ ಹೆಸರುಗಳನ್ನು, ಅಜ್ಜಿ, ಮುತ್ತಜ್ಜಿ ಎಂದು ನೆನಪು ಹೋಗುವಷ್ಟು ಹಿಂದಿನ ವರೆಗೆ, ಅವರ ತವರೂರಿನ ಹೆಸರಿನೊಡನೆ ಒಂದು ಕಾಗದದಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಎಂಟನೆಯ ಇಯತ್ತೆಯ ಹುಡುಗಿಯರು ಅವನ್ನು ಊರುವಾರು ಒಂದು ವಹಿಯಲ್ಲಿ ಏರಿಸುವರು. ಬೀಸುವ ಹಾಡು ಒಂದೆರಡು ನೆನಪಿದ್ದರೆ ಅದನ್ನೂ ಬರೆಯಿರಿ; ಯಾರ ಬಾಯಿಂದ ಕೇಳಿದಿರೆಂಬದನ್ನು ಮಾತ್ರ ಬಿಡಬೇಡಿರಿ.