ಪಕ್ಕದ ತೋಟಕ್ಕೆ ದಾಟಿದ ಆನೆ

ಬೆಂಗಳೂರಿನ ಕೆಲಸ ಬಿಟ್ಟು ಚಿಕ್ಕಮಗಳೂರಿನ ವಸ್ತಾರೆ ಕಡೆಗೆ ಕಾಫಿ ತೋಟ ನೋಡಿಕೊಳ್ಳಲು ಬಂದಿದ್ದೀರಿ, ಸಂತೋಷ. ವಾಟ್ಸ್ಆ್ಯಪ್‌ನಲ್ಲಿ ಆನೆಯ ಸುದ್ದಿ ಬಿದ್ದೊಡನೆ ಪಟಾಕಿ ಹಿಡಿದು ಓಡುತ್ತೀರಿ. ಬೆಳಗಿನೊಳಗೆ ಅದು ಪಕ್ಕದ ತೋಟಕ್ಕೆ ಇಳಿದರೆ ‘ಸದ್ಯ, ನಮ್ಮ ಗಡಿ ಬಿಡ್ತು’ ಅನ್ನುತ್ತೀರಿ. ಹಣ್ಣು ಕೊಯ್ಯುವ ಕಾಲದಲ್ಲಿ ಆಳುಗಳು ತೋಟಕ್ಕೆ ಇಳಿಯಲು ಹೆದರಿದರೆ ಏನಾಗುತ್ತದೆಂದು ನನಗೂ ಗೊತ್ತು, ಮಕ್ಕಳೇ. ಆದರೆ ಆ ಪಕ್ಕದ ತೋಟದಲ್ಲೂ ಕೊಯ್ಯುವವರಿದ್ದಾರೆ.

ನೀವು ಮಾಡುವುದನ್ನೇ ಸರ್ಕಾರಗಳೂ ಮಾಡಿವೆ, ಲಾರಿಯಲ್ಲಿ. 2023ರ ಕೊನೆಯಲ್ಲಿ ಹಾಸನದ ಬೇಲೂರು ಭಾಗದಲ್ಲಿ ದಂತವಿಲ್ಲದ ಗಂಡಾನೆಯೊಂದನ್ನು ಹಿಡಿದು, ಕೊರಳಿಗೆ ರೇಡಿಯೊ ಕಾಲರ್ ಹಾಕಿ, ಬಂಡೀಪುರದ ಮೂಲೆಹೊಳೆ ಕಾಡಿಗೆ ಬಿಟ್ಟರು. ನಮ್ಮ ಕಡೆಯವರು ನಿಟ್ಟುಸಿರು ಬಿಟ್ಟರು. ಮೂಲೆಹೊಳೆಯಾಚೆ ಕೇರಳದ ವಯನಾಡು. ಆನೆಗೆ ಚೆಕ್‌ಪೋಸ್ಟ್ ಉಂಟೇ? 2024ರ ಫೆಬ್ರವರಿ 10ರ ಬೆಳಿಗ್ಗೆ ಅದು ಮಾನಂತವಾಡಿಯ ಬಳಿ ಮನೆಯಂಗಳಕ್ಕೆ ನುಗ್ಗಿ ಒಬ್ಬರನ್ನು ಕೊಂದಿತು. ಅದಕ್ಕೆ ಒಂದು ವಾರ ಮೊದಲಷ್ಟೇ, ಹಾಸನ ಭಾಗದಿಂದಲೇ ಸಾಗಿಸಿದ್ದ ಮತ್ತೊಂದು ಆನೆ ಅದೇ ಮಾನಂತವಾಡಿ ಪೇಟೆಗೆ ಬಂದಿತ್ತು. ಅರಿವಳಿಕೆ ಕೊಟ್ಟು ಹಿಡಿದು ಬಂಡೀಪುರಕ್ಕೆ ತಂದರು, ಅಲ್ಲಿ ಸತ್ತುಹೋಯಿತು.

ಕಾಲರ್‌ನ ಸಂಕೇತ ತಮಗೆ ಸಕಾಲಕ್ಕೆ ಸಿಗಲಿಲ್ಲವೆಂದು ಕೇರಳದವರು ದೂರಿದರು. ಈ ಕಡೆಯವರು ಒಪ್ಪಲಿಲ್ಲ. ಯಾರದು ಸರಿಯೋ, ಸತ್ತವರ ಮನೆಯವರಿಗೆ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಮಾರ್ಚ್ 10ರಂದು ಬಂಡೀಪುರದಲ್ಲಿ ಎರಡೂ ರಾಜ್ಯಗಳ ಅರಣ್ಯ ಸಚಿವರು ಕೂತು, ಮಾಹಿತಿ ಹಂಚಿಕೊಳ್ಳುವ, ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದಕ್ಕೆ ಸಹಿ ಹಾಕಿದರು. ಒಳ್ಳೆಯ ಕೆಲಸವೇ. ಜೀವವೊಂದು ಹೋದ ಮೇಲೆ ಆಯಿತೆಂಬುದು ನನ್ನ ಕೊರಗು.

ದೇಶ ದೇಶಗಳ ನಡುವೆಯೂ ಇದೇ ಪಾಡು. ಮೇಘಾಲಯದ ಗಾರೊ ಬೆಟ್ಟದ ಆನೆಗಳು ಬಾಂಗ್ಲಾದೇಶದ ಗದ್ದೆಗೆ ಇಳಿಯುತ್ತವೆ, ಹತ್ತಿ ಬರುತ್ತವೆ. ನಡುವೆ ತಂತಿಬೇಲಿ, ಬಂದೂಕು ಹಿಡಿದ ಕಾವಲು. ಆದರೂ 2020ರ ಡಿಸೆಂಬರ್ 17ರಂದು ಗಡಿ ದಾಟುವ ಆನೆಗಳ ರಕ್ಷಣೆಗೆಂದೇ ಎರಡು ದೇಶಗಳು ಒಡಂಬಡಿಕೆ ಮಾಡಿಕೊಂಡವು. ಅಷ್ಟು ದೊಡ್ಡ ಬೇಲಿಯ ಎರಡು ಬದಿಯವರು ಕೂತು ಮಾತಾಡಬಹುದಾದರೆ, ಒಂದೇ ಸೊಸೈಟಿಯಲ್ಲಿ ಗೊಬ್ಬರ ತರುವ ನಿಮಗೇನು ಕಷ್ಟ? (ಬದುವಿನ ವ್ಯಾಜ್ಯಕ್ಕೆ ಮೂರು ತಲೆಮಾರು ಮಾತು ಬಿಟ್ಟವರೂ ನಮ್ಮಲ್ಲಿದ್ದಾರೆ, ಬಲ್ಲೆ.)

ಸೋಲಾರ್ ಬೇಲಿ ಹಾಕಬೇಡಿ ಎನ್ನುವುದಿಲ್ಲ. ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ತೋಟಕ್ಕೆ ಸುತ್ತ ಬಿಗಿದರೆ ಆನೆಗೆ ಉಳಿಯುವುದು ರಸ್ತೆ, ಬಡವರ ಲೈನ್‌ಮನೆ ಮತ್ತು ಬೇಲಿ ಹಾಕಲು ಕೈಲಾಗದವನ ಗದ್ದೆ. ಎಲ್ಲಿ ಬಿಗಿಯಬೇಕು, ಯಾವ ಹಳ್ಳದ ಅಂಚನ್ನು ದಾರಿಗೆ ಬಿಡಬೇಕು ಎಂಬುದನ್ನು ಕೂತು ತೀರ್ಮಾನಿಸಿ, ಅರಣ್ಯ ಇಲಾಖೆಯವರನ್ನೂ ಕರೆಸಿ. ನಿಮ್ಮ ವಾಟ್ಸ್ಆ್ಯಪ್ ಗುಂಪಿಗೆ ಬೇಲೂರು ಕಡೆಯ ತೋಟದವರನ್ನೂ ಸೇರಿಸಿಕೊಳ್ಳಿ. ಜಿಲ್ಲೆ ಬೇರೆಯಾದರೂ ಹಿಂಡು ಒಂದೇ. ಆನೆ ನಿಮ್ಮ ಗಡಿ ಬಿಟ್ಟಾಗ ‘ಹೋಯ್ತು’ ಎಂದು ಬರೆಯಬೇಡಿ. ಯಾವ ದಿಕ್ಕಿಗೆ, ಎಷ್ಟು ಗಂಟೆಗೆ, ಮರಿ ಇದೆಯೇ ಎಂದು ಬರೆಯಿರಿ. ಬೆಳಿಗ್ಗೆ ಏಳಕ್ಕೆ ಹಣ್ಣು ಕೊಯ್ಯಲು ಬರುವ ಹೆಂಗಸರಿಗೆ ಅದು ಆರಕ್ಕೇ ಗೊತ್ತಾಗಬೇಕು.