ಕಿಟ್ಟೆಲ್ ಪಾದ್ರಿಗಳ ಚಿತ್ರಪಟದಿಂದ ಕಲಿಯತಕ್ಕ ಪಾಠ

ನಮ್ಮ ಶಾಲೆಯ ಸಭಾಮಂದಿರದಲ್ಲಿ ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ ಪಾದ್ರಿಗಳ ವರ್ಣಚಿತ್ರವಿರುವುದನ್ನು ಹಳೇ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ನರೆತ ಗಡ್ಡ, ಕಪ್ಪು ಅಂಗಿ, ಕೈಯಲ್ಲಿ ದಪ್ಪವಾದ ಒಂದು ಪುಸ್ತಕ. ಚಿತ್ರಕಾರನು ತೋರಿಸಿದ್ದು ಇಷ್ಟೇ. ಆ ಪುಸ್ತಕ ಯಾವುದು, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ವಿಚಾರಿಸುವುದು ಯುಕ್ತವೆಂದು ನಮಗೆ ತೋರುತ್ತದೆ.

ಕಿಟ್ಟೆಲರು 1832ರಲ್ಲಿ ಜರ್ಮನಿ ದೇಶದಲ್ಲಿ ಹುಟ್ಟಿದರು. ಬಾಸೆಲ್ ಮಿಶನಿನ ಸೇವಕರಾಗಿ 1853ರಲ್ಲಿ ಹಿಂದೂದೇಶಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವಯಸ್ಸು. ಸುವಾರ್ತೆಯನ್ನು ಸಾರಬೇಕಾದರೆ ಜನರ ಮಾತನ್ನು ಮೊದಲು ಕೇಳಬೇಕೆಂದು ತಿಳಿದು ಅವರು ಕನ್ನಡದ ಅಭ್ಯಾಸಕ್ಕೆ ಕೈಯಿಕ್ಕಿದರು. ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣವಾದ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದಸ್ಸನ್ನು 1875ರಲ್ಲಿಯೂ ಶೋಧಿಸಿ ಅಚ್ಚು ಹಾಕಿಸಿದರು. ಬಹುವರ್ಷಗಳ ಶ್ರಮದ ಫಲವಾಗಿ 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಶಬ್ದಗಳುಂಟು. 1903ರಲ್ಲಿ ಅವರು ಸ್ವದೇಶದಲ್ಲಿ ತೀರಿಕೊಂಡರು; ಕನ್ನಡಿಗರ ಮನೆಗಳಲ್ಲಿ ಅವರ ಹೆಸರು ಇಂದಿಗೂ ಉಳಿದಿದೆ.

ಚಿತ್ರಪಟದಲ್ಲಿ ಒಬ್ಬನೇ ಮನುಷ್ಯನು ಕಾಣುತ್ತಾನೆ. ನಿಘಂಟನ್ನಾದರೋ ಒಬ್ಬನೇ ಮಾಡಲಾರನು. ಓಲೆಗರಿಗಳನ್ನು ಓದಿ ಅರ್ಥ ಹೇಳಿದ ಕನ್ನಡ ಪಂಡಿತರು ಕಿಟ್ಟೆಲರ ಬೆನ್ನ ಹಿಂದೆ ನಿಂತಿದ್ದಾರೆ. ಅವರ ಹಿಂದೆ ಹೊಲದಲ್ಲಿಯೂ ಅಂಗಳದಲ್ಲಿಯೂ ಗಾದೆಗಳನ್ನಾಡಿದ ಸಾಮಾನ್ಯ ಜನರಿದ್ದಾರೆ. ಕಿಟ್ಟೆಲರು ಕಾವ್ಯದ ಶಬ್ದಗಳಿಗೆ ಮಾತ್ರ ಮಣೆ ಹಾಕಲಿಲ್ಲ. ಆಡುಮಾತನ್ನೂ ಗಾದೆಗಳನ್ನೂ ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡರು. ದೂರದೇಶದಿಂದ ಬಂದ ವಿದ್ವಾಂಸರು ಆ ಮಾತನ್ನು ಹೀನವೆಂದೆಣಿಸಲಿಲ್ಲ.

ನಾವಾದರೋ ಹೀನವೆಂದೆಣಿಸುತ್ತೇವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆಗಳಲ್ಲಿ "ಹೋಪುದು", "ಬಪ್ಪುದು" ಎಂದಾಡುವ ಹುಡುಗಿಯನ್ನು "ಹಾಗೆ ಹೇಳಬಾರದು, ನಾಲ್ಕು ಜನ ನಗುತ್ತಾರೆ" ಎಂದು ಹೆತ್ತವರೇ ಗದರಿಸುವುದುಂಟು. ಈ ಮಾತುಗಳ ಕುಲವನ್ನು ವಿಚಾರಿಸೋಣ. ಹಳಗನ್ನಡದಲ್ಲಿ ಇವು "ಪೋಪುದು", "ಬರ್ಪುದು" ಎಂದಿದ್ದವು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪೋಪುದು ಹೋಪುದಾಯಿತು. ಬರ್ಪುದರ ರಕಾರವು ಪಕಾರದಲ್ಲಿ ಬೆರೆತು ಬಪ್ಪುದಾಯಿತು. ಪುಸ್ತಕದ ಕನ್ನಡವು "ಹೋಗುವುದು", "ಬರುವುದು" ಎಂದು ಬೇರೆ ದಾರಿ ಹಿಡಿದರೂ ನಮ್ಮ ಅಜ್ಜಿಯರ ನಾಲಗೆಯು ಹಳೆಯ ಪಕಾರವನ್ನು ಬಿಡಲಿಲ್ಲ. ಕಿಟ್ಟೆಲರು ಯಾವ ಹಳಗನ್ನಡದ ವ್ಯಾಕರಣವನ್ನು ಕಷ್ಟಪಟ್ಟು ಶೋಧಿಸಿದರೋ ಅದರ ತುಣುಕು ನಮ್ಮ ಅಡಿಗೆಮನೆಯಲ್ಲಿ ಇನ್ನೂ ಬಾಳುತ್ತಿದೆ.

ಹಾಗಾದರೆ ಪರೀಕ್ಷೆಯ ಉತ್ತರದಲ್ಲಿ "ಹೋಪುದು" ಎಂದು ಬರೆಯಬಹುದೋ? ಬರೆಯಬಾರದು. ಎಲ್ಲಾ ಸೀಮೆಯವರಿಗೂ ತಿಳಿಯತಕ್ಕ ಗ್ರಂಥಭಾಷೆಯನ್ನು ನಮ್ಮ ಹುಡುಗಿಯರು ಶುದ್ಧವಾಗಿ ಕಲಿಯಲೇಬೇಕು, ಇಂಗ್ಲಿಷನ್ನೂ ಕಲಿಯಲಿ. ಹೊಸ ಸೀರೆ ಬಂತೆಂದು ತಾಯಿಯ ಪೆಟ್ಟಿಗೆಯನ್ನು ಸುಡುವವರುಂಟೇ? ಮನೆಯ ಮಾತಿಗೆ ನಾಚಿದ ಮಗುವು ಮೊದಲು ಮಾತನ್ನು ಮುಚ್ಚುತ್ತದೆ, ಬಳಿಕ ಮನಸ್ಸನ್ನು ಮುಚ್ಚುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳಲು ಅಂಜುವ ಹುಡುಗಿಯರಲ್ಲಿ ನಾವು ಇದನ್ನು ಅನೇಕಾವರ್ತಿ ಕಂಡಿದ್ದೇವೆ.

ಆದುದರಿಂದ ಹಳೇ ವಿದ್ಯಾರ್ಥಿನಿಯರಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಈ ರಜೆಯಲ್ಲಿ ಮನೆಯ ಹಿರಿಯರ ಬಳಿ ಕುಳಿತು ಹತ್ತು ಶಬ್ದಗಳನ್ನೂ ಎರಡು ಗಾದೆಗಳನ್ನೂ ಮಕ್ಕಳಿಂದ ಬರೆಯಿಸಿರಿ. ಶಬ್ದ, ಅದರ ಅರ್ಥ, ಅದನ್ನಾಡುವ ಊರು, ಅದನ್ನು ಬಳಸಿದ ಒಂದು ವಾಕ್ಯ, ಇಷ್ಟಿದ್ದರೆ ಸಾಕು. ಹಿರಿಯರು ಹೋದ ಮೇಲೆ ಆ ಶಬ್ದಗಳನ್ನು ಕೇಳಿ ತಿಳಿಯಲು ಯಾರೂ ಉಳಿದಿರುವುದಿಲ್ಲ. ಚಿತ್ರಪಟಕ್ಕೆ ಹೂಮಾಲೆ ಹಾಕುವುದು ಸುಲಭ. ಅದರಲ್ಲಿರುವವರು ಮಾಡಿದ ಕೆಲಸದಲ್ಲಿ ಒಂದು ಸಾಲನ್ನಾದರೂ ಮುಂದುವರಿಸುವುದೇ ನಿಜವಾದ ಗೌರವ.