ವಿದ್ಯುತ್ ಕ್ಷೇತ್ರ ಮತ್ತು ಸಸಾರಜನಕಗಳ ರೂಪ

ಹೈಟೆನ್ಷನ್ ತಂತಿಯ ಕೆಳಗೆ ಮೇಯ್ದ ಎಮ್ಮೆಯ ಹಾಲು ಒಡೆಯುವುದೇ? ಒಂಬತ್ತನೆಯ ತರಗತಿಯ ಬಾಲಕನೊಬ್ಬನು ಈ ಪ್ರಶ್ನೆ ಕೇಳಿದಾಗ ಸಹಪಾಠಿಗಳು ನಕ್ಕರು. ನಗುವಂಥದ್ದೇನೂ ಅದರಲ್ಲಿರಲಿಲ್ಲ. ಭೀಮೆ-ಕೃಷ್ಣೆಯರ ನಡುವಣ ನಮ್ಮ ವಡಗೇರಾ ಸೀಮೆಯ ಹೊಲಗಳಲ್ಲಿ ತಂತಿಯೂ ಉಂಟು, ಎಮ್ಮೆಯೂ ಉಂಟು.

ಹಾಲಿನಿಂದಲೇ ಆರಂಭಿಸೋಣ. ಹಾಲಿನ ಮುಖ್ಯ ಸಸಾರಜನಕ, ಇಂದಿನ ಪಠ್ಯಗಳು ಪ್ರೋಟೀನು ಎನ್ನುವ ವಸ್ತು, ಕೇಸೀನ್ ಆಗಿದೆ. ಅದರ ಸೂಕ್ಷ್ಮ ಕಣಗಳ ಮೇಲೆ ಋಣ ವಿದ್ಯುದಂಶವಿರುವುದು. ಸಜಾತೀಯ ವಿದ್ಯುದಂಶಗಳು ಪರಸ್ಪರ ವಿಕರ್ಷಿಸುವುದರಿಂದ ಕಣಗಳು ಕೂಡಿಕೊಳ್ಳದೆ ತೇಲುತ್ತಿರುತ್ತವೆ. ಹೆಪ್ಪು ಹಾಕಿದ ಮೇಲೆ ಹುಟ್ಟುವ ಲ್ಯಾಕ್ಟಿಕ್ ಆಮ್ಲವು ಈ ಋಣಾಂಶವನ್ನು ಅಳಿಸುತ್ತ ಬರುತ್ತದೆ. ಪಿಎಚ್ ಮೌಲ್ಯವು 6.7ರ ಸಮೀಪದಿಂದ 4.6ರ ಕಡೆಗೆ ಇಳಿದಂತೆ ಕಣಗಳು ಒಂದನ್ನೊಂದು ಹಿಡಿದುಕೊಂಡು ಮೊಸರಾಗುತ್ತವೆ. ನಮ್ಮ ತಾಯಂದಿರು ದಿನಂಪ್ರತಿ ಮಾಡುವುದು ವಿದ್ಯುತ್ತಿನ ಪ್ರಯೋಗವೇ ಸರಿ.

ಪ್ರೋಟೀನೆಂದರೆ ಅಮೈನೊ ಆಮ್ಲಗಳ ಸರಪಳಿ. ಅವುಗಳಲ್ಲಿ ಲೈಸೀನ್, ಆರ್ಜಿನೀನ್‌ಗಳು ಧನ ವಿದ್ಯುದಂಶವನ್ನೂ, ಆಸ್ಪಾರ್ಟಿಕ್ ಮತ್ತು ಗ್ಲುಟಾಮಿಕ್ ಆಮ್ಲಗಳು ಋಣ ವಿದ್ಯುದಂಶವನ್ನೂ ಹೊತ್ತಿರುತ್ತವೆ. ಕೊಂಡಿಗೆ ಕೊಂಡಿ ಬೆಸೆಯುವ ಪೆಪ್ಟೈಡ್ ಬಂಧವೂ ಒಂದು ಪುಟ್ಟ ದ್ವಿಧ್ರುವ. ಸರಪಳಿಯು ಸುರುಳಿಯಾದಾಗ ಈ ದ್ವಿಧ್ರುವಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡುವುದರಿಂದ ಸುರುಳಿಯ ಒಂದು ತುದಿ ತುಸು ಧನ, ಇನ್ನೊಂದು ತುಸು ಋಣವಾಗುತ್ತದೆ. ಸರಪಳಿಯು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲುದೆಂಬುದನ್ನು 1963ರಲ್ಲಿ ನಕ್ಷೆಯಾಗಿ ಪ್ರಕಟಿಸಿದವರು ಮದ್ರಾಸಿನ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದು ವಿದ್ಯುತ್ ಇಂಜಿನಿಯರಿಂಗ್ ಕಲಿಯಲು! ಅಲ್ಲಿ ಸಿ. ವಿ. ರಾಮನ್ ಅವರ ಬಳಿ ಭೌತಶಾಸ್ತ್ರಕ್ಕೆ ಹೊರಳಿದರು. ಮುಂದೆ ಅದೇ ಸಂಸ್ಥೆಯಲ್ಲಿ ಅಣು ಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು.

ಇನ್ನು ಹೊರಗಿನ ಕ್ಷೇತ್ರದ ಮಾತು. ಪ್ರೋಟೀನನ್ನು ಕ್ಷಣಾರ್ಧದಲ್ಲಿ ಬಿಚ್ಚಿಹಾಕಲು ಮೀಟರಿಗೆ ಹತ್ತಾರು ಕೋಟಿಯಿಂದ ನೂರು ಕೋಟಿ ವೋಲ್ಟುಗಳಷ್ಟು ಕ್ಷೇತ್ರ ಬೇಕೆಂದು ಗಣಕಯಂತ್ರದ ಲೆಕ್ಕಾಚಾರಗಳು ತೋರಿಸುತ್ತವೆ. ಒಣಗಾಳಿಯೇ ಸುಮಾರು ಮೂವತ್ತು ಲಕ್ಷಕ್ಕೆ ಸಿಡಿದು ಕಿಡಿಯಾಗುತ್ತದೆ. ದೊಡ್ಡ ತಂತಿಯ ಕೆಳಗೆ ನೆಲದ ಬಳಿ ಇರುವುದು ಹೆಚ್ಚೆಂದರೆ ಹತ್ತು ಸಾವಿರದ ಆಸುಪಾಸು. ಆದ್ದರಿಂದ ಎಮ್ಮೆಯ ಹಾಲಿಗೆ ಬಾಧೆಯಿಲ್ಲ. ಹರಿದು ಬಿದ್ದ ತಂತಿಯ ವಿಷಯ ಬೇರೆ. ಅಲ್ಲಿ ದೇಹದೊಳಗೆ ಪ್ರವಾಹವೇ ಹರಿದು ಹೃದಯದ ಬಡಿತವನ್ನು ಕೆಡಿಸುವುದು. ಅದರ ಕಾವಿಗೆ ಮಾಂಸದ ಪ್ರೋಟೀನು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುವುದು.

ಸೋಜಿಗವೆಂದರೆ, ಗಾಳಿ ತಾಳಲಾರದ ಕ್ಷೇತ್ರವನ್ನು ನಮ್ಮ ಜೀವಕೋಶದ ಪೊರೆ ತಾಳಿಕೊಂಡಿದೆ. ಅದರ ಎರಡು ಬದಿಗಳ ನಡುವಿನ ಅಂತರ ಕೇವಲ 70 ಮಿಲಿವೋಲ್ಟು. ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರು. ಭಾಗಿಸಿ ನೋಡಿದರೆ ಮೀಟರಿಗೆ ಒಂದು ಕೋಟಿ ನಲವತ್ತು ಲಕ್ಷ ವೋಲ್ಟು! ನರಗಳ ಪೊರೆಯಲ್ಲಿರುವ ಕೆಲವು ಪ್ರೋಟೀನುಗಳು ಈ ಕ್ಷೇತ್ರ ಬದಲಾದೊಡನೆ ರೂಪ ಬದಲಿಸಿ ಬಾಗಿಲು ತೆರೆಯುತ್ತವೆ. ಓದುಗರು ಈ ಸಾಲನ್ನು ಓದುತ್ತಿರುವುದೂ ಅದರಿಂದಲೇ.

ಒಂದೇ ಒಂದು ವಿದ್ಯುದಂಶ ತಪ್ಪಿದರೆ ಏನಾದೀತು? ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 146 ಕೊಂಡಿಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲ. ಅದರ ಸ್ಥಾನದಲ್ಲಿ ವಿದ್ಯುದಂಶವಿಲ್ಲದ ವ್ಯಾಲೀನ್ ಬಂದರೆ, ಆಮ್ಲಜನಕ ಬಿಟ್ಟುಕೊಟ್ಟ ಅಣುಗಳು ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ. ರಕ್ತಕಣವು ಕುಡುಗೋಲಿನಂತೆ ಬಾಗುತ್ತದೆ. ಇದೇ ಸಿಕಲ್ ಸೆಲ್ ರಕ್ತಹೀನತೆ. ನಮ್ಮ ರಾಜ್ಯದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದು ಕಂಡುಬಂದಿದೆ. 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ನನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟು, ಅದು ಆರೋಗ್ಯವಂತರದಕ್ಕಿಂತ ಬೇರೆ ವೇಗದಲ್ಲಿ ಚಲಿಸುವುದನ್ನು ಕಂಡರು. ವ್ಯಾಲೀನಿನ ಗುಟ್ಟನ್ನು 1957ರಲ್ಲಿ ವರ್ನನ್ ಇಂಗ್ರಾಂ ಬಯಲುಮಾಡಿದರು.

ಇಲೆಕ್ಟ್ರೊಫೊರೆಸಿಸ್ ಎಂಬ ಈ ವಿಧಾನವು ಇಂದಿಗೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕ್ಷಾರ ದ್ರಾವಣದಲ್ಲಿ ಸಹಜ ಹಿಮೋಗ್ಲೋಬಿನ್ ಧನಧ್ರುವದತ್ತ ಮುಂದೋಡುತ್ತದೆ. ಋಣಾಂಶ ಕಳೆದುಕೊಂಡದ್ದು ಹಿಂದುಳಿಯುತ್ತದೆ. ರೋಗಲಕ್ಷಣವಿಲ್ಲದೆ ದೋಷವನ್ನು ಹೊತ್ತವರ ರಕ್ತದಲ್ಲಿ ಎರಡು ಪಟ್ಟಿಗಳೂ ಕಾಣುತ್ತವೆ. ಅಂಥ ಇಬ್ಬರು ವಿವಾಹವಾದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಯೋಜನೆಯು ಏಳು ಕೋಟಿ ಜನರ ರಕ್ತ ತಪಾಸಣೆಯ ಗುರಿ ಇಟ್ಟುಕೊಂಡಿತು.